ಶರೀರ ಮತ್ತು ಶಾರೀರ: ಅಮೆರಿಕದ ಟೆಲಿವಿಷನ್ ಪ್ರಹಸನಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ

ಚರಿತ್ರೆಯ ಆಧಾರಸಾಮಗ್ರಿಗಳನ್ನು ಎಣಿಸುವಾಗ ಶಾಸನ, ನಾಣ್ಯ, ದಫ್ತರು, ಪ್ರವಾಸಿಗರ ಬರಹ ಇವುಗಳ ಸಾಲಿನಲ್ಲಿ ನಗೆಯನ್ನು ಯಾರೂ ಸೇರಿಸುವುದಿಲ್ಲ. ನಗೆ ಕ್ಷಣಿಕವಾದುದು; ನಕ್ಕವನು ಎದ್ದುಹೋದ ಮೇಲೆ ಅದರ ಕುರುಹು ಎಲ್ಲಿಯೂ ಉಳಿಯುವುದಿಲ್ಲವೆಂಬುದು ಇದಕ್ಕೆ ಕಾರಣವಿರಬಹುದು. ಆದರೆ ಇಪ್ಪತ್ತನೆಯ ಶತಮಾನದ ನಡುವಿನಿಂದೀಚೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಗೆಯು ಫಿಲ್ಮಿನ ಮೇಲೆ ಮುದ್ರಿತವಾಗಿ, ಮಾರಾಟದ ಸರಕಾಗಿ, ಮತ್ತೆ ಮತ್ತೆ ಪ್ರಸಾರಗೊಂಡು ಉಳಿದುಬಂದಿದೆ. ಯಾವ ವರ್ಷ ಯಾವ ಮಾತಿಗೆ ಜನ ನಕ್ಕರು, ಯಾವ ಮಾತನ್ನು ಆಡಲು ನಟರು ಅಂಜಿದರು, ಯಾರು ನಗೆಗೀಡಾದರು ಎಂಬುದನ್ನು ಇಷ್ಟು ವಿವರವಾಗಿ ತೋರಿಸಬಲ್ಲ ದಾಖಲೆ ಮತ್ತೊಂದು ದೇಶದಲ್ಲಿ ದೊರೆಯುವುದು ವಿರಳ. ಆದುದರಿಂದ ಆ ದೇಶದ ಟೆಲಿವಿಷನ್ ಪ್ರಹಸನಗಳನ್ನೂ, ವಯಸ್ಕರಿಗೆಂದು ಅಲ್ಲಿ ತಯಾರಾದ ಅವಿನಯಪೂರ್ಣವಾದ ಅನಿಮೇಷನ್ ಮಾಲಿಕೆಗಳನ್ನೂ ಚರಿತ್ರೆಯ ವಿದ್ಯಾರ್ಥಿಗಳು ಕೇವಲ ಕಾಲಹರಣದ ವಸ್ತುಗಳೆಂದು ಬದಿಗಿಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಈ ವಿಷಯವನ್ನು ಕುರಿತು ಬರೆದವರು ಸಾಮಾನ್ಯವಾಗಿ ಒಂದು ಸರಳವಾದ ಕಥೆಯನ್ನು ಹೇಳುತ್ತಾರೆ. 1950ರ ದಶಕದ ಪ್ರಹಸನಗಳು ಅಂಜುಬುರುಕವಾಗಿದ್ದವು. 1970ರ ದಶಕದವು ಧೈರ್ಯ ತಾಳಿದವು. 1990ರ ದಶಕದಲ್ಲಿ ಅನಿಮೇಷನ್ ಮಾಲಿಕೆಗಳು ಬಂದು ಉಳಿದ ಕಟ್ಟುಗಳನ್ನೆಲ್ಲ ಹರಿದೊಗೆದವು. ಬಂಧನದಿಂದ ಬಿಡುಗಡೆಗೆ ನೇರವಾಗಿ ಸಾಗಿದ ಹಾದಿ ಎಂಬುದು ಇದರ ತಾತ್ಪರ್ಯ. ಈ ಕಥೆ ಸುಳ್ಳಲ್ಲ, ಆದರೆ ಅಪೂರ್ಣ. ಮಾತಿನ ಸ್ವಾತಂತ್ರ್ಯ ಎಷ್ಟು ಬೆಳೆಯಿತೆಂಬುದನ್ನು ಮಾತ್ರ ಅದು ಅಳೆಯುತ್ತದೆಯೇ ಹೊರತು, ಆಡಿದ ಮಾತಿನ ಭಾರವನ್ನು ಯಾರ ಮುಖ ಹೊತ್ತಿತೆಂಬುದನ್ನು ಕೇಳುವುದಿಲ್ಲ. ನಮ್ಮ ಸಂಗೀತಗಾರರು ಶರೀರವೆಂದೂ ಶಾರೀರವೆಂದೂ ಎರಡನ್ನು ಬೇರ್ಪಡಿಸಿ ಹೇಳುವುದುಂಟು, ಮೈಯೊಂದು, ಕಂಠವೊಂದು. ಅಮೆರಿಕದ ಹಾಸ್ಯದ ಚರಿತ್ರೆಯಲ್ಲಿ ಶರೀರವೂ ಶಾರೀರವೂ ಒಂದೆಡೆ ಇದ್ದ ಕಾಲವುಂಟು, ಅಗಲಿದ ಕಾಲವುಂಟು. ಅಗಲಿದಾಗಲೆಲ್ಲ ಹಾಸ್ಯಕ್ಕೆ ಒಂದು ವಿಶೇಷವಾದ ಸಲುಗೆ ಒದಗಿದೆ. ಆ ಸಲುಗೆಯ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು. ಈ ಲೇಖನದಲ್ಲಿ ನಾವು ತೋರಿಸಬೇಕೆಂದಿರುವುದು ಇಷ್ಟೆ.

ಮೊದಲು ರೇಡಿಯೋವಿನಿಂದ ಆರಂಭಿಸಬೇಕು. ಟೆಲಿವಿಷನ್ ಪ್ರಹಸನದ ತವರುಮನೆ ರೇಡಿಯೋ ಎಂಬುದು ಬಲ್ಲವರಿಗೆ ತಿಳಿದ ವಿಷಯವೇ. ಷಿಕಾಗೋ ನಗರದ ಒಂದು ನಿಲಯದಿಂದ 1928ರ ಮಾರ್ಚಿಯಲ್ಲಿ ‘ಏಮಸ್ ಅಂಡ್ ಆಂಡಿ’ ಎಂಬ ಕಾರ್ಯಕ್ರಮ ಆರಂಭವಾಯಿತು. ಮರುವರ್ಷ ಎನ್‌ಬಿಸಿ ಪ್ರಸಾರ ಜಾಲದ ಮೂಲಕ ದೇಶಕ್ಕೆಲ್ಲ ಹರಡಿತು. ದಕ್ಷಿಣದಿಂದ ನಗರಕ್ಕೆ ವಲಸೆ ಬಂದ ಇಬ್ಬರು ಕಪ್ಪುವರ್ಣೀಯರ ಬದುಕು ಅದರ ವಸ್ತು. ಆ ಇಬ್ಬರಿಗೂ ಕಂಠವನ್ನಿತ್ತವರು ಫ್ರೀಮನ್ ಗಾಸ್ಡೆನ್ ಮತ್ತು ಚಾರ್ಲ್ಸ್ ಕಾರೆಲ್ ಎಂಬ ಬಿಳಿಯರು. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸುವ ಹತ್ತೊಂಬತ್ತನೆಯ ಶತಮಾನದ ರಂಗಪದ್ಧತಿಯೊಂದು ಆ ದೇಶದಲ್ಲಿ ಬೇರುಬಿಟ್ಟಿದ್ದಿತಷ್ಟೆ. ರೇಡಿಯೋ ಬಂದ ಮೇಲೆ ಮಸಿಯ ಅಗತ್ಯವೂ ಉಳಿಯಲಿಲ್ಲ. ಕಂಠವೊಂದನ್ನೇ ತೊಟ್ಟುಕೊಂಡರೆ ಸಾಕಾಯಿತು. ಕೋಟ್ಯಂತರ ಜನ ಅದನ್ನು ಪ್ರೀತಿಯಿಂದ ಕೇಳಿದರೆಂಬುದೂ, ಕೇಳಿದವರಲ್ಲಿ ಕಪ್ಪುವರ್ಣೀಯರೂ ಇದ್ದರೆಂಬುದೂ ನಿಜ. 1931ರಲ್ಲಿಯೇ ‘ಪಿಟ್ಸ್‌ಬರ್ಗ್ ಕೂರಿಯರ್’ ಎಂಬ ಕಪ್ಪುಜನರ ಪತ್ರಿಕೆ ಅದರ ವಿರುದ್ಧ ಸಹಿಸಂಗ್ರಹಕ್ಕೆ ತೊಡಗಿತೆಂಬುದೂ ಅಷ್ಟೇ ನಿಜ.

ಈ ಕಾರ್ಯಕ್ರಮ 1951ರಲ್ಲಿ ಸಿಬಿಎಸ್ ಜಾಲದ ಟೆಲಿವಿಷನ್ನಿಗೆ ಬಂದಾಗ ಒಂದು ತೊಡಕು ಎದುರಾಯಿತು. ಪರದೆಗೆ ಶರೀರ ಬೇಕು. ಮಸಿ ಬಳಿದ ಬಿಳಿಯ ಮುಖವನ್ನು ವಾರವಾರವೂ ತೋರಿಸುವಂತಿರಲಿಲ್ಲ. ಆದುದರಿಂದ ಆಲ್ವಿನ್ ಚೈಲ್ಡ್ರೆಸ್, ಸ್ಪೆನ್ಸರ್ ವಿಲಿಯಮ್ಸ್, ಟಿಮ್ ಮೂರ್ ಮುಂತಾದ ಕಪ್ಪುವರ್ಣೀಯ ನಟರನ್ನು ಆರಿಸಲಾಯಿತು. ಹೀಗೆ ಇಬ್ಬರು ಬಿಳಿಯರು ಕಲ್ಪಿಸಿಕೊಂಡ ಕಂಠಕ್ಕೆ ಬೇರೆಯವರ ಮೈ ಜೋಡಣೆಯಾಯಿತು. ನುರಿತ ನಟರಿಗೆ ಇದು ಎಂತಹ ವಿಚಿತ್ರ ಕೆಲಸವೆಂಬುದನ್ನು ಊಹಿಸಬಹುದು. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆ ಅದೇ ವರ್ಷ ಪ್ರತಿಭಟಿಸಿತು. 1953ರಲ್ಲಿ ಹೊಸ ಕಂತುಗಳು ನಿಂತವು. 1966ರಲ್ಲಿ ಸಿಬಿಎಸ್ ಹಳೆಯ ಕಂತುಗಳನ್ನು ಮಾರುವುದನ್ನೂ ನಿಲ್ಲಿಸಿತು. ಆ ನಟರು ತಮ್ಮ ಕಸುಬಿನ ಫಲವನ್ನು ಉಣ್ಣುವ ಮೊದಲೇ ಕೆಲಸವೂ ಹೋಯಿತು, ಹೆಸರೂ ಕೆಟ್ಟಿತು. ಗಾಸ್ಡೆನ್ ಮತ್ತು ಕಾರೆಲ್ ರೇಡಿಯೋವಿನಲ್ಲಿ ಇನ್ನೂ ಕೆಲವು ವರ್ಷ ನಡೆದರು.

ಇದೇ 1951ರ ಅಕ್ಟೋಬರ್ 15ರಂದು ಇದೇ ಸಿಬಿಎಸ್ ಜಾಲದಲ್ಲಿ ‘ಐ ಲವ್ ಲೂಸಿ’ ಆರಂಭವಾದುದನ್ನು ಜತೆಗಿಟ್ಟು ನೋಡಬೇಕು. ಒಂದೇ ಮನೆಯ ಅದೇ ಪಾತ್ರಗಳು ವಾರವಾರವೂ ಹೊಸ ತೊಡಕಿಗೆ ಸಿಕ್ಕಿ, ಅರ್ಧ ಗಂಟೆಯೊಳಗೆ ಅದರಿಂದ ಪಾರಾಗುವ ಈ ಬಗೆಯ ಹಾಸ್ಯರೂಪಕವನ್ನು ಅಲ್ಲಿನವರು ಸಿಟ್‌ಕಾಮ್ ಎನ್ನುತ್ತಾರೆ, ನಾವು ಗೃಹಪ್ರಹಸನವೆನ್ನೋಣ. ಲೂಸಿಲ್ ಬಾಲ್ 1948ರಿಂದ ರೇಡಿಯೋವಿನಲ್ಲಿ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಇಂತಹುದೇ ಪ್ರಹಸನ ನಡೆಸುತ್ತಿದ್ದಳು. ಅದನ್ನು ಟೆಲಿವಿಷನ್ನಿಗೆ ತರುವ ಮಾತು ಬಂದಾಗ, ಗಂಡನ ಪಾತ್ರಕ್ಕೆ ತನ್ನ ನಿಜವಾದ ಗಂಡನಾದ ಡೆಸಿ ಆರ್ನಾಜ್ ಬೇಕೆಂದು ಅವಳು ಹಟ ಹಿಡಿದಳು. ಡೆಸಿ ಕ್ಯೂಬಾ ದೇಶದವನು. ಅವನ ಇಂಗ್ಲಿಷಿನಲ್ಲಿ ಸ್ಪ್ಯಾನಿಷಿನ ಉಚ್ಚಾರ ಢಾಳಾಗಿ ಕೇಳುತ್ತಿತ್ತು. ಇಂತಹವನನ್ನು ಅಮೆರಿಕದ ಗೃಹಿಣಿಯ ಗಂಡನೆಂದು ಜನ ಒಪ್ಪುವರೆ ಎಂದು ಜಾಲದವರು ಅನುಮಾನಿಸಿದರು. ಜನ ಒಪ್ಪಿದರು. ಅವನ ಉಚ್ಚಾರವನ್ನು ಕುರಿತ ನಗೆ ಆ ಪ್ರಹಸನದ ತುಂಬ ಉಂಟು. ಆದರೆ ಆ ಉಚ್ಚಾರ ಅವನದೇ, ಬಾಯಿಯೂ ಅವನದೇ. ನಗೆ ಮಿತಿಮೀರಿದಾಗ ಕಣ್ಣು ಕೆಂಪಗೆ ಮಾಡಿ ತನ್ನ ಭಾಷೆಯಲ್ಲಿ ಬೈಯುವ ಅಧಿಕಾರವನ್ನೂ ಅವನು ಇಟ್ಟುಕೊಂಡಿದ್ದನು. ಮೇಲಾಗಿ, ನಗೆಯನ್ನು ತಯಾರಿಸುತ್ತಿದ್ದ ಡೆಸಿಲೂ ಸಂಸ್ಥೆ ಆ ದಂಪತಿಗಳ ಸ್ವಂತದ್ದು. ಪ್ರಾಯೋಜಕರಾದ ಫಿಲಿಪ್ ಮಾರಿಸ್ ಸಿಗರೇಟು ಕಂಪನಿ ನ್ಯೂಯಾರ್ಕಿನಿಂದ ನೇರ ಪ್ರಸಾರವಾಗಲೆಂದು ಬಯಸಿದರೂ, ದಂಪತಿಗಳು ಹಾಲಿವುಡ್ಡಿನಲ್ಲಿಯೇ ಉಳಿದು, ಪ್ರೇಕ್ಷಕರ ಎದುರಿಗೆ ಮೂರು ಕ್ಯಾಮರಾಗಳಿಂದ ಫಿಲ್ಮಿನ ಮೇಲೆ ಚಿತ್ರಿಸುವ ಏರ್ಪಾಡು ಮಾಡಿಕೊಂಡರು. ಹೆಚ್ಚಿನ ವೆಚ್ಚಕ್ಕೆ ಬದಲಾಗಿ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಫಿಲ್ಮಿನ ಒಡೆತನವನ್ನು ಪಡೆದರು. ‘ಮೆಟ್ರೊಪೊಲಿಸ್’ ಚಿತ್ರಕ್ಕೆ ಕ್ಯಾಮರಾ ಹಿಡಿದಿದ್ದ ಜರ್ಮನಿಯ ಕಾರ್ಲ್ ಫ್ರಾಯಿಂಡ್ ಈ ಏರ್ಪಾಡಿಗೆ ಬೆಳಕಿನ ವ್ಯವಸ್ಥೆ ಮಾಡಿದನು. ನೇರ ಪ್ರಸಾರವಾದ ಆ ಕಾಲದ ಎಷ್ಟೋ ಹಾಸ್ಯ ಗಾಳಿಯಲ್ಲಿ ಕರಗಿಹೋಯಿತು, ಲೂಸಿ ಉಳಿದಳು. ಚರಿತ್ರಕಾರರಿಗೆ ಸಾಕ್ಷ್ಯ ಒದಗಿದ್ದು ಒಂದು ವ್ಯಾಪಾರದ ಒಪ್ಪಂದದಿಂದ!

ಶರೀರವುಳ್ಳ ಹಾಸ್ಯಕ್ಕೆ ಶರೀರಧರ್ಮಗಳೂ ಅಂಟಿಕೊಂಡು ಬರುತ್ತವೆ. 1952ರಲ್ಲಿ ಲೂಸಿಲ್ ಬಾಲ್ ಗರ್ಭಿಣಿಯಾದಳು. ಅದೇ ವರ್ಷ ಪ್ರಸಾರಕರ ಸಂಘವು ಟೆಲಿವಿಷನ್ನಿನ ನಡತೆಯ ಸಂಹಿತೆಯೊಂದನ್ನು ಜಾರಿಗೆ ತಂದಿದ್ದಿತು. ಗಂಡಹೆಂಡಿರಿಗೆ ಪರದೆಯ ಮೇಲೆ ಬೇರೆ ಬೇರೆ ಮಂಚಗಳನ್ನು ಹಾಕುತ್ತಿದ್ದ ಕಾಲ ಅದು. ಗರ್ಭವನ್ನು ಮರೆಮಾಡಿರೆಂದು ಜಾಲದವರೂ ಪ್ರಾಯೋಜಕರೂ ಹೇಳಿದರು. ದಂಪತಿಗಳು ಒಪ್ಪದೆ ಅದನ್ನೇ ಕಥೆಯಾಗಿ ಮಾಡಿದರು. ಕೊನೆಗೆ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟಂಟ್ ಪಾದ್ರಿ, ಒಬ್ಬ ಯೆಹೂದಿ ಪುರೋಹಿತ, ಈ ಮೂವರು ಬರಹವನ್ನೋದಿ ಒಪ್ಪಿಗೆಯಿತ್ತರು. ‘ಗರ್ಭಿಣಿ’ ಎಂಬರ್ಥದ ಇಂಗ್ಲಿಷ್ ಪದವನ್ನು ಮಾತ್ರ ಯಾರೂ ಉಚ್ಚರಿಸಕೂಡದೆಂದು ಗೊತ್ತಾಯಿತು. ಕಂತಿನ ಹೆಸರಿಗೆ ಫ್ರೆಂಚ್ ಪದವೊಂದನ್ನು ತಂದು ಮಾನ ಉಳಿಸಿಕೊಂಡರು. ಕಥೆಯಲ್ಲಿನ ಮಗು ಹುಟ್ಟಿದ ಕಂತು 1953ರ ಜನವರಿ 19ರಂದು ಪ್ರಸಾರವಾಯಿತು. ಅಂದೇ ಲೂಸಿಲ್ ಬಾಲ್ ಆಸ್ಪತ್ರೆಯಲ್ಲಿ ಗಂಡುಮಗುವನ್ನು ಹೆತ್ತಳು. ಸುಮಾರು 4 ಕೋಟಿ 40 ಲಕ್ಷ ಜನ ಆ ಕಂತನ್ನು ನೋಡಿದರು. ಮರುದಿನ ಐಸೆನ್‌ಹೋವರ್ ಅಧ್ಯಕ್ಷಪದವಿಯ ಪ್ರಮಾಣ ಸ್ವೀಕರಿಸಿದುದನ್ನು ನೋಡಿದವರ ಸಂಖ್ಯೆ ಇದಕ್ಕಿಂತ ಕಡಮೆ.

ಚಿತ್ರಿತ ಪ್ರಹಸನ ಬಂದುದು ಇದರ ಬೆನ್ನಿಗೆ. ಹಾನ್ನಾ ಮತ್ತು ಬಾರ್ಬೆರಾ ಎಂಬ ಜೋಡಿಯ ‘ದಿ ಫ್ಲಿಂಟ್‌ಸ್ಟೋನ್ಸ್’ 1960ರ ಸೆಪ್ಟೆಂಬರ್ 30ರಂದು ಎಬಿಸಿ ಜಾಲದಲ್ಲಿ, ಮಕ್ಕಳು ಮಾತ್ರವಲ್ಲದೆ ಮನೆಯವರೆಲ್ಲ ಕೂಡಿ ನೋಡುವ ಸಂಜೆಯ ಹೊತ್ತಿನಲ್ಲಿ ಆರಂಭವಾಯಿತು. ಕಾಲ ಶಿಲಾಯುಗ, ಸಂಸಾರ ಮಾತ್ರ 1955–56ರಲ್ಲಿ ಬಂದ ‘ದಿ ಹನಿಮೂನರ್ಸ್’ ಎಂಬ ಪ್ರಹಸನದ ಬಸ್ ಚಾಲಕನದೇ. ಪ್ರೇಕ್ಷಕರೇ ಇಲ್ಲದ ಚಿತ್ರಕ್ಕೆ ಪ್ರೇಕ್ಷಕರ ನಗೆಯನ್ನೂ ಬೆರೆಸಿದ್ದರು. ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿತಂತ್ರಜ್ಞ ಕಂಡುಹಿಡಿದ ಯಂತ್ರದಿಂದ ಮುದ್ರಿತ ನಗೆಯನ್ನು ಬೇಕಾದಲ್ಲಿ ಸುರಿಯುವ ಪದ್ಧತಿ ಆಗಲೇ ರೂಢಿಗೆ ಬಂದಿದ್ದಿತು. ಮೊದಲ ವರ್ಷಗಳ ಪ್ರಾಯೋಜಕರಲ್ಲಿ ಸಿಗರೇಟು ಕಂಪನಿಯೊಂದಿದ್ದು, ಶಿಲಾಯುಗದ ಫ್ರೆಡ್ ಮತ್ತು ಬಾರ್ನಿ ಜಾಹೀರಾತಿನಲ್ಲಿ ಹೊಗೆ ಬಿಡುತ್ತ ಕೂತರು. ನಟರ ಪಟ್ಟಿಯನ್ನು ನೋಡಿದರೆ ನಮ್ಮ ವಾದಕ್ಕೆ ಬೇಕಾದ ಆಧಾರ ಸಿಗುತ್ತದೆ. ಫ್ರೆಡ್‌ನ ಕಂಠ ಅಲನ್ ರೀಡ್‌ನದು. ಬಾರ್ನಿಯದು ಮೆಲ್ ಬ್ಲಾಂಕ್‌ನದು. ಬೆಟ್ಟಿಯದು ಬೀ ಬೆನಡೆರೆಟ್‌ಳದು. ಮೂವರೂ ರೇಡಿಯೋವಿನಲ್ಲಿ ಪಳಗಿದವರು; ಕೊನೆಯ ಇಬ್ಬರು ಜ್ಯಾಕ್ ಬೆನ್ನಿಯ ಪ್ರಸಿದ್ಧ ರೇಡಿಯೋ ಪ್ರಹಸನದಲ್ಲಿ ಜತೆಗೆ ಕೆಲಸ ಮಾಡಿದ್ದವರು. ಟೆಲಿವಿಷನ್ ಬಂದು ಹೊರಗೆ ತಳ್ಳಿದ ರೇಡಿಯೋ ಕಂಠಗಳು ಟೆಲಿವಿಷನ್ನಿನೊಳಗೇ ಹಿತ್ತಲ ಬಾಗಿಲಿನಿಂದ ಮರಳಿ ಬಂದವು.

1961ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಮೋಟಾರು ಅಪಘಾತವಾಗಿ ಮೆಲ್ ಬ್ಲಾಂಕ್ ಮೈಮುರಿದುಕೊಂಡು ಬಿದ್ದನು. ಕೆಲವು ಕಂತುಗಳಿಗೆ ಬೇರೊಬ್ಬನು ಬಾರ್ನಿಯ ಕಂಠವಾದನು. ಆಮೇಲೆ ಮೈಯೆಲ್ಲ ಪ್ಲಾಸ್ಟರಿನಲ್ಲಿ ಹುದುಗಿದ್ದ ಬ್ಲಾಂಕ್‌ನ ಹಾಸಿಗೆಯ ಬಳಿಗೇ ಧ್ವನಿಗ್ರಹಣದ ಸಲಕರಣೆಯನ್ನು ತಂದು, ಬಾಯಿಯ ಮೇಲೆ ಮೈಕನ್ನು ತೂಗುಹಾಕಿ, ಉಳಿದ ನಟರು ಸುತ್ತ ನಿಂತು ಕೆಲಸ ಮುಂದುವರಿಸಿದರು. ಪರದೆಯ ಮೇಲೆ ಬಾರ್ನಿ ಎಂದಿನಂತೆ ಓಡಾಡುತ್ತಲೇ ಇದ್ದನು. ಲೂಸಿಯ ಗರ್ಭವನ್ನು ಅಡಗಿಸಲಾರದ ಪರದೆ, ಬ್ಲಾಂಕ್‌ನ ಮುರಿದ ಮೈಯನ್ನು ಸಂಪೂರ್ಣವಾಗಿ ಅಡಗಿಸಿತು! 1963ರಲ್ಲಿ ಫ್ರೆಡ್‌ನ ಹೆಂಡತಿ ವಿಲ್ಮಾ ಹೆತ್ತಾಗ ಮೂವರು ಪುರೋಹಿತರ ಅಪ್ಪಣೆ ಬೇಕಾಗಲಿಲ್ಲ. ಮೊದಲು ಗಂಡೆಂದು ಯೋಚಿಸಿದ್ದ ಮಗು, ಹೆಣ್ಣುಗೊಂಬೆ ಹೆಚ್ಚು ಮಾರಾಟವಾಗುವುದೆಂಬ ಲೆಕ್ಕದಿಂದ ಹೆಣ್ಣಾಯಿತಷ್ಟೆ.

1970ರ ದಶಕ ಶರೀರದ ದಶಕ. ನಾರ್ಮನ್ ಲಿಯರ್‌ನ ‘ಆಲ್ ಇನ್ ದ ಫ್ಯಾಮಿಲಿ’ 1971ರ ಜನವರಿ 12ರಂದು ಸಿಬಿಎಸ್ ಜಾಲದಲ್ಲಿ ಮೊದಲಾದಾಗ, ಮನುಷ್ಯರ ಪೂರ್ವಗ್ರಹಗಳನ್ನು ನಗೆಯ ಬೆಳಕಿನಲ್ಲಿ ತೋರಿಸುವುದೇ ತಮ್ಮ ಉದ್ದೇಶವೆಂಬ ಸೂಚನೆಯನ್ನು ಮುಂದಾಗಿ ತೋರಿಸಿದರು. ಬ್ರಿಟನ್ನಿನ ಪ್ರಹಸನವೊಂದರ ಮಾದರಿಯಲ್ಲಿ ಹುಟ್ಟಿದ ಆರ್ಚಿ ಬಂಕರ್, ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಕಾರ್ಮಿಕ; ಕಪ್ಪುಜನ, ಯೆಹೂದಿಗಳು, ವಲಸಿಗರು, ತನ್ನ ಅಳಿಯ, ಇವರೆಲ್ಲರನ್ನೂ ಕುರಿತು ಅವನು ಆಡಿದ ಮಾತುಗಳನ್ನು ಅದುವರೆಗೆ ಟೆಲಿವಿಷನ್ನಿನಲ್ಲಿ ಯಾರೂ ಆಡಿರಲಿಲ್ಲ. ಐದು ವರ್ಷ ಸತತವಾಗಿ ಅದು ವೀಕ್ಷಕರ ಸಂಖ್ಯೆಯಲ್ಲಿ ಮೊದಲ ಸ್ಥಾನದಲ್ಲಿದ್ದಿತು. ಮೂರ್ಖನ ಬಾಯಿಂದ ಮೂರ್ಖತನವನ್ನು ಆಡಿಸಿದರೆ ಜನ ಅದನ್ನು ನೋಡಿ ನಾಚುವರು ಎಂಬುದು ಲಿಯರ್‌ನ ನಂಬಿಕೆ. ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಪೆಟ್ಟುಕೊಟ್ಟಿತು. ಪೂರ್ವಗ್ರಹವಿಲ್ಲದವರು ಆರ್ಚಿಯನ್ನು ನೋಡಿ ನಕ್ಕರು. ಪೂರ್ವಗ್ರಹವುಳ್ಳವರು ಆರ್ಚಿಯ ಜತೆಗೂಡಿ ನಕ್ಕರು. ಒಂದೇ ಕಂತು, ಒಂದೇ ನಗೆ, ಎರಡು ಅರ್ಥ. ಹಾಸ್ಯವನ್ನು ಸಾಮಾಜಿಕ ಔಷಧಿಯೆಂದು ಹೊಗಳುವವರೆಲ್ಲ ಈ ಅಧ್ಯಯನವನ್ನು ಒಮ್ಮೆ ಓದುವುದು ಒಳ್ಳೆಯದು.

ಆದರೆ ಆರ್ಚಿಗೆ ಒಂದು ಮುಖವಿದ್ದಿತು. ಕ್ಯಾರಲ್ ಓಕಾನರ್ ಎಂಬ ನಟನ ಮುಖ ಅದು. ಕೆಟ್ಟ ಮಾತಾಡಿದ ಮೇಲೆ ಆ ಮುಖದಲ್ಲಿ ಗಲಿಬಿಲಿ ಕಾಣುತ್ತಿತ್ತು, ದಣಿವು ಕಾಣುತ್ತಿತ್ತು, ವರ್ಷ ಕಳೆದಂತೆ ಮುಪ್ಪೂ ಕಂಡಿತು. ಹೆಂಡತಿಯ ಪಾತ್ರದ ಜೀನ್ ಸ್ಟೇಪಲ್ಟನ್ ಬಿಟ್ಟುಹೋದಾಗ, 1980ರಲ್ಲಿ ಮುಂದುವರಿದ ಮಾಲಿಕೆಯಲ್ಲಿ ಹೆಂಡತಿ ಸತ್ತು ಆರ್ಚಿ ಒಬ್ಬನೇ ಉಳಿದನು. ಹೊಲಸು ಮಾತಿಗೆ ಹೊಣೆಯಾದ ಒಂದು ಮೈ ಪ್ರೇಕ್ಷಕರ ಕಣ್ಣೆದುರಿಗಿದ್ದಿತು. ದಂಪತಿಗಳು ಕೂರುತ್ತಿದ್ದ ಎರಡು ಕುರ್ಚಿಗಳನ್ನು 1978ರಲ್ಲಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಕೂತವರು ಎದ್ದುಹೋದರೆಂಬ ಭಾವವನ್ನು ಖಾಲಿ ಕುರ್ಚಿ ಹುಟ್ಟಿಸಬಲ್ಲದು. ಚಿತ್ರದ ಮನುಷ್ಯನ ಕುರ್ಚಿಗೆ ಅದು ಸಾಧ್ಯವಿಲ್ಲ.

ಹೊಸದಾಗಿ ಹುಟ್ಟಿ ವೀಕ್ಷಕರಿಗಾಗಿ ಪರದಾಡುತ್ತಿದ್ದ ಫಾಕ್ಸ್ ಜಾಲದಲ್ಲಿ, ಟ್ರೇಸಿ ಉಲ್ಮನ್‌ಳ ಕಾರ್ಯಕ್ರಮದ ನಡುನಡುವೆ, 1987ರ ಏಪ್ರಿಲಿನಿಂದ ಒಂದೆರಡು ನಿಮಿಷದ ತುಣುಕುಗಳಾಗಿ ಬರುತ್ತಿದ್ದ ‘ದ ಸಿಂಪ್ಸನ್ಸ್’ 1989ರ ಡಿಸೆಂಬರ್ 17ರಂದು ಅರ್ಧಗಂಟೆಯ ಮಾಲಿಕೆಯಾಯಿತು. ಅದನ್ನು ಕಲ್ಪಿಸಿದವನು ವ್ಯಂಗ್ಯಚಿತ್ರಕಾರ ಮ್ಯಾಟ್ ಗ್ರೇನಿಂಗ್; ಬೆಳೆಸಿದವರು ಗೃಹಪ್ರಹಸನದಲ್ಲಿ ನುರಿತ ಜೇಮ್ಸ್ ಬ್ರೂಕ್ಸ್ ಮತ್ತು ಸ್ಯಾಮ್ ಸೈಮನ್. ಕಥೆಯ ಸಾಹಿತ್ಯಕ್ಕೆ ಜಾಲದವರು ಕೈಹಾಕಕೂಡದೆಂಬ ಷರತ್ತನ್ನು ಬ್ರೂಕ್ಸ್ ಒಪ್ಪಂದದಲ್ಲಿಯೇ ಬರೆಸಿಕೊಂಡನು. ಲೂಸಿಯ ಕಾಲದಲ್ಲಿ ಫಿಲ್ಮಿನ ಒಡೆತನ ಹೇಗೋ ಇಲ್ಲಿ ಈ ಷರತ್ತು ಹಾಗೆ. ಮುದ್ರಿತ ನಗೆಯನ್ನು ಕೈಬಿಟ್ಟರು. ಯಾವುದಕ್ಕೆ ನಗಬೇಕೆಂಬುದನ್ನು ನೋಡುವವನೇ ನಿರ್ಧರಿಸಬೇಕಾಯಿತು. ನಮಗೆ ಇದೇ ಆ ಮಾಲಿಕೆಯ ದೊಡ್ಡ ಸುಧಾರಣೆಯೆಂದು ತೋರುತ್ತದೆ. ಕಂಠಗಳನ್ನು ಲಾಸ್ ಏಂಜಲೀಸಿನಲ್ಲಿ ಗ್ರಹಿಸಿ, ಚಿತ್ರಗಳಲ್ಲಿ ಬಹುಪಾಲನ್ನು ದಕ್ಷಿಣ ಕೊರಿಯದಲ್ಲಿ ಬರೆಸಿದರು. ಶರೀರ ಒಂದು ಖಂಡದಲ್ಲಿ, ಶಾರೀರ ಇನ್ನೊಂದು ಖಂಡದಲ್ಲಿ. ಕಂಠದಾನಿಗಳಲ್ಲಿ ಒಬ್ಬನಾದ ಹ್ಯಾರಿ ಷಿಯರರ್ ಬಾಲ್ಯದಲ್ಲಿ ಜ್ಯಾಕ್ ಬೆನ್ನಿಯ ಕಾರ್ಯಕ್ರಮದಲ್ಲಿ ನಟಿಸಿದ್ದವನೆಂಬುದನ್ನು ಗಮನಿಸಬೇಕು. ರೇಡಿಯೋ, ಫ್ಲಿಂಟ್‌ಸ್ಟೋನ್ಸ್, ಸಿಂಪ್ಸನ್ಸ್ ಈ ಮೂರನ್ನೂ ಪೋಣಿಸುವ ದಾರ ಕಲ್ಪನೆಯದಲ್ಲ.

ಹತ್ತು ವರ್ಷದ ಹುಡುಗ ಬಾರ್ಟ್ ಹತ್ತು ವರ್ಷದವನಾಗಿಯೇ ಮೂರು ದಶಕಗಳನ್ನು ಕಳೆದನು. ಬೆಳೆಯದ ಹುಡುಗನ ಉದ್ಧಟತನಕ್ಕೆ ಶಿಕ್ಷೆಯಾಗುವುದಾದರೂ ಹೇಗೆ? 1992ರ ಜನವರಿ 27ರಂದು ಧಾರ್ಮಿಕ ಪ್ರಸಾರಕರ ಸಭೆಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ಅಮೆರಿಕದ ಕುಟುಂಬಗಳು ಸಿಂಪ್ಸನ್ನರಿಗಿಂತ ವಾಲ್ಟನ್ನರನ್ನು ಹೆಚ್ಚು ಹೋಲಬೇಕೆಂದರು. ವಾಲ್ಟನ್ನರೆಂದರೆ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಬಾಳಿದ ಒಂದು ಸುಶೀಲ ಕುಟುಂಬದ ಮಾಲಿಕೆ. ಮೂರೇ ದಿನದಲ್ಲಿ ಪುಟ್ಟ ತುಣುಕೊಂದನ್ನು ಸೇರಿಸಿ, ತಾವೂ ವಾಲ್ಟನ್ನರಂತೆಯೇ ಕುಸಿತ ಮುಗಿಯಲೆಂದು ಪ್ರಾರ್ಥಿಸುತ್ತಿರುವುದಾಗಿ ಬಾರ್ಟ್‌ನಿಂದ ಹೇಳಿಸಿದರು. ದೇಶದ ವ್ಯಾಪಾರ ಕುಗ್ಗಿದ್ದ ಚುನಾವಣೆಯ ವರ್ಷ ಅದು. ಜೀವಂತ ನಟನೊಬ್ಬ ಅಧ್ಯಕ್ಷರಿಗೆ ಹೀಗೆ ಮಾರುತ್ತರ ಕೊಟ್ಟಿದ್ದರೆ ಅದು ರಾಜಕೀಯವಾಗುತ್ತಿತ್ತು. ಹಳದಿ ಬಣ್ಣದ ಹುಡುಗ ಕೊಟ್ಟುದರಿಂದ ನಗೆಯಾಗಿ ಉಳಿಯಿತು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಅಂತರಿಕ್ಷದ ಮೂಲಕ ಪ್ರಸಾರವಾಗುವ ಅಶ್ಲೀಲ ಮಾತಿಗೆ ಸರ್ಕಾರ ಕಡಿವಾಣ ಹಾಕಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ತೀರ್ಪಿತ್ತಿದ್ದಿತು. ಹಣ ಕೊಟ್ಟು ಮನೆಗೆ ತಂತಿಯಲ್ಲಿ ತರಿಸಿಕೊಳ್ಳುವ ಕೇಬಲ್ ವಾಹಿನಿಗಳಿಗೆ ಆ ಕಡಿವಾಣ ತಾಗಲಿಲ್ಲ. ಕಾಮಿಡಿ ಸೆಂಟ್ರಲ್ ಎಂಬ ಕೇಬಲ್ ವಾಹಿನಿಯಲ್ಲಿ 1997ರ ಆಗಸ್ಟ್ 13ರಂದು ಬಂದ ‘ಸೌತ್ ಪಾರ್ಕ್’ ಈ ಸಂದಿಯಲ್ಲಿ ಬೆಳೆದ ಗಿಡ. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಮೊದಲ ಕಂತನ್ನು ಬಣ್ಣದ ಕಾಗದ ಕತ್ತರಿಸಿ ಮಾಡಿದರು. ಆಮೇಲೆ ಗಣಕಯಂತ್ರದಿಂದ ಅದೇ ಒರಟು ರೂಪವನ್ನು ತಂದರು. ಒರಟಾದುದರಿಂದಲೇ ವೇಗ ಬಂದಿತು: ಒಂದು ಕಂತನ್ನು ಆರು ದಿನದಲ್ಲಿ ಮುಗಿಸುವರು. 2008ರಲ್ಲಿ ಒಬಾಮಾ ಆಯ್ಕೆಯಾದ ಮರುದಿನದ ರಾತ್ರಿಯೇ ಆ ವಿಷಯದ ಕಂತು ಸಿದ್ಧವಾಗಿದ್ದಿತು. ಇದರಲ್ಲಿ ಎಲ್ಲ ಮತಗಳೂ, ಎಲ್ಲ ಪಕ್ಷಗಳೂ, ಎಲ್ಲ ತಾರೆಯರೂ ಏಟು ತಿಂದಿದ್ದಾರೆ. ಕೆಲವು ಏಟುಗಳು ಅನವಶ್ಯಕವಾಗಿ ಹೊಲಸಾದುವೆಂದು ಹೇಳಲು ನಾವು ಹಿಂಜರಿಯುವುದಿಲ್ಲ. ನಮಗಿಲ್ಲಿ ಮುಖ್ಯವಾದುದು ಅದರ ಆರಂಭದಲ್ಲಿ ತೋರಿಸುವ ಪ್ರಕಟಣೆ. ಪ್ರಸಿದ್ಧರ ಕಂಠಗಳನ್ನೆಲ್ಲ ಇಲ್ಲಿ ಅಣಕಿಸಲಾಗಿದೆ, ಅದೂ ಕೆಟ್ಟದಾಗಿ ಅಣಕಿಸಲಾಗಿದೆ ಎಂದು ಅದು ಸಾರುತ್ತದೆ. ಕಂಠವನ್ನು ಕದ್ದವನು ಕದ್ದೆನೆಂದು ಬಾಗಿಲಲ್ಲಿಯೇ ಫಲಕ ತೂಗುಹಾಕಿದಂತಾಯಿತು.

ಇನ್ನು ಆಪುವಿನ ವಿಷಯ. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಭಾರತದಿಂದ ವೈದ್ಯರು, ಇಂಜಿನಿಯರುಗಳು, ಬಳಿಕ ವ್ಯಾಪಾರಿಗಳು ಅಮೆರಿಕಕ್ಕೆ ಹೋಗಿ ನೆಲೆಸಿದರು. ಅವರಲ್ಲಿ ಕನ್ನಡಿಗರೂ ಇದ್ದರು. ಟೆಲಿವಿಷನ್ನಿನಲ್ಲಿ ಅವರ ಮುಖ ಕಾಣುತ್ತಿದ್ದುದು ಅಪರೂಪ. ಸಿಂಪ್ಸನ್ಸ್ ಮಾಲಿಕೆಯಲ್ಲಿ 1990ರ ಫೆಬ್ರವರಿ 25ರಂದು ದಿನಸಿ ಅಂಗಡಿಯ ಆಪು ನಹಾಸಪೀಮಪೆಟಿಲಾನ್ ಪ್ರವೇಶಿಸಿದನು. ಮೊದಲ ಹೆಸರು ಸತ್ಯಜಿತ್ ರಾಯರ ಚಿತ್ರತ್ರಯದಿಂದ ಬಂದುದು. ಎರಡನೆಯದು ಭಾರತದ ಯಾವ ಪ್ರಾಂತಕ್ಕೂ ಸೇರದ, ಕೇವಲ ಉದ್ದವಾಗಿರುವುದೇ ಹಾಸ್ಯವಾದ ಹೆಸರು. ಕಂಠ ಹ್ಯಾಂಕ್ ಅಜೇರಿಯಾ ಎಂಬ ನಟನದು. 1968ರ ಚಲನಚಿತ್ರವೊಂದರಲ್ಲಿ ಪೀಟರ್ ಸೆಲರ್ಸ್ ಮುಖಕ್ಕೆ ಕಂದುಬಣ್ಣ ಹಚ್ಚಿಕೊಂಡು ಮಾಡಿದ ಭಾರತೀಯನ ಪಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಉಚ್ಚಾರವನ್ನು ರೂಢಿಸಿಕೊಂಡೆನೆಂದು ಅವನೇ ಹೇಳಿದ್ದಾನೆ. ಅಣಕದ ಅಣಕ ಅದು. ಮಸಿಯಿಂದ ರೇಡಿಯೋ ಕಂಠಕ್ಕೆ ಗಾಸ್ಡೆನ್ ಮತ್ತು ಕಾರೆಲ್ ಬಂದ ಹಾದಿಯನ್ನೇ ಇಲ್ಲಿ ಇನ್ನೊಮ್ಮೆ ತುಳಿದಂತಿದೆ.

ಆಪುವನ್ನು ಬರೆದವರು ಅವನನ್ನು ಬರಿಯ ಗೊಂಬೆಯಾಗಿ ಬಿಡಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಅವನು ಗಣಕಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ಕ್ಯಾಲಿಫೋರ್ನಿಯದಲ್ಲಿ 1994ರಲ್ಲಿ ನಡೆದ ವಲಸೆಗಾರರ ವಿರುದ್ಧದ ಜನಮತಗಣನೆಯನ್ನು ಹಿನ್ನೆಲೆಯಾಗಿಟ್ಟುಕೊಂಡು 1996ರ ಮೇ 5ರಂದು ಬಂದ ಕಂತೊಂದರಲ್ಲಿ ಆಪು ಪೌರತ್ವದ ಪರೀಕ್ಷೆಗೆ ಕೂರುತ್ತಾನೆ. ಅಂತರ್ಯುದ್ಧಕ್ಕೆ ಕಾರಣವೇನೆಂದು ಪರೀಕ್ಷಕ ಕೇಳಿದಾಗ, ಕಾರಣಗಳು ಹಲವಿವೆಯೆಂದು ಅವನು ವಿಸ್ತಾರವಾಗಿ ತೊಡಗುತ್ತಾನೆ. ಗುಲಾಮಗಿರಿ ಎಂದಷ್ಟೇ ಹೇಳಿದರೆ ಸಾಕೆಂದು ಪರೀಕ್ಷಕ ತಡೆಯುತ್ತಾನೆ. ಚರಿತ್ರೆಯ ಅಧ್ಯಾಪಕರಾದ ನಮಗೆ ಈ ದೃಶ್ಯ ನಗೆಯನ್ನೂ ತರಿಸಿತು, ಪರೀಕ್ಷೆಯ ಉತ್ತರಪತ್ರಿಕೆಗಳ ನೆನಪನ್ನೂ ತರಿಸಿತು. ಆ ಮಾಲಿಕೆಯಲ್ಲಿ ಇಷ್ಟು ಸಹಾನುಭೂತಿಯಿಂದ ಬರೆದ ಕಂತುಗಳು ವಿರಳ.

ಆದರೂ ಶಾಲೆಯ ಅಂಗಳಕ್ಕೆ ಹೋದುದು ಆ ಡಾಕ್ಟರೇಟ್ ಅಲ್ಲ, ಆ ಉಚ್ಚಾರ. ಅಮೆರಿಕದಲ್ಲಿಯೇ ಹುಟ್ಟಿ, ಅಲ್ಲಿನ ಇಂಗ್ಲಿಷನ್ನೇ ಆಡುತ್ತಿದ್ದ ಭಾರತೀಯರ ಮಕ್ಕಳನ್ನು ಸಹಪಾಠಿಗಳು ಆಪುವಿನ ಕಂಠದಲ್ಲಿ ಕೂಗಿ ಕರೆದರು. ಅಂತಹ ಮಕ್ಕಳಲ್ಲಿ ಒಬ್ಬನಾಗಿ ಬೆಳೆದ ಹಾಸ್ಯಗಾರ ಹರಿ ಕೊಂಡಬೋಲು 2017ರ ನವೆಂಬರಿನಲ್ಲಿ ಈ ವಿಷಯದ ಸಾಕ್ಷ್ಯಚಿತ್ರವೊಂದನ್ನು ಹೊರತಂದನು. ಅವನು ಸಿಂಪ್ಸನ್ಸ್ ಮಾಲಿಕೆಯನ್ನು ದ್ವೇಷಿಸುವವನಲ್ಲ. ಅದರಿಂದಲೇ ಹಾಸ್ಯವನ್ನು ಕಲಿತವನು. ದೂರಿಗೆ ತೂಕ ಬಂದುದು ಇದರಿಂದ. ಮಾಲಿಕೆಯವರು 2018ರ ಏಪ್ರಿಲ್ 8ರ ಕಂತಿನಲ್ಲಿ ಕೊಟ್ಟ ಉತ್ತರ ಉಡಾಫೆಯದಾಗಿತ್ತು: ಹಿಂದೆ ಮೆಚ್ಚುಗೆ ಪಡೆದುದು ಈಗ ತಪ್ಪೆನಿಸಿದರೆ ಏನು ಮಾಡಲಾದೀತು ಎಂಬಂತೆ ಒಂ‌ದು ಮಾತು, ಆಪುವಿನ ಚಿತ್ರದ ಕಡೆಗೊಂದು ನೋಟ. ಆ ಉತ್ತರದಲ್ಲಿ ಚರಿತ್ರೆಯ ತಪ್ಪೂ ಒಂದಿದೆ. ಹಿಂದೆ ಎಲ್ಲರೂ ಮೆಚ್ಚಿರಲಿಲ್ಲ. ಮೆಚ್ಚದವರ ಕಂಠ ಪ್ರಸಾರವಾಗಿರಲಿಲ್ಲ ಅಷ್ಟೆ. 1931ರ ಪಿಟ್ಸ್‌ಬರ್ಗಿನ ಪತ್ರಿಕೆಯನ್ನು ಬಲ್ಲವರಿಗೆ ಇದು ಹೊಸದಲ್ಲ. 2020ರ ಜನವರಿಯಲ್ಲಿ ಅಜೇರಿಯಾ ತಾನಿನ್ನು ಆಪುವಿಗೆ ಕಂಠ ಕೊಡುವುದಿಲ್ಲವೆಂದನು. ಅದೇ ವರ್ಷದ ಜೂನಿನಲ್ಲಿ, ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ದೇಶವೆಲ್ಲ ಎದ್ದು ನಿಂತಿದ್ದಾಗ, ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ನಟರಿಂದ ಕಂಠ ಕೊಡಿಸುವುದನ್ನು ನಿಲ್ಲಿಸುವುದಾಗಿ ನಿರ್ಮಾಪಕರು ಪ್ರಕಟಿಸಿದರು. ‘ಫ್ಯಾಮಿಲಿ ಗೈ’ ಮಾಲಿಕೆಯಲ್ಲಿ ಕಪ್ಪುವರ್ಣೀಯನಾದ ಕ್ಲೀವ್‌ಲೆಂಡ್‌ಗೆ ಕಂಠವಾಗಿದ್ದ ಬಿಳಿಯ ನಟ ಮೈಕ್ ಹೆನ್ರಿಯೂ ಅದೇ ತಿಂಗಳು ಪಾತ್ರವನ್ನು ಬಿಟ್ಟುಕೊಟ್ಟನು.

ಇದಕ್ಕೆ ಒಂದು ಆಕ್ಷೇಪವುಂಟು, ಅದು ತಳ್ಳಿಹಾಕುವಂತಹುದಲ್ಲ. ಬಾರ್ಟ್ ಎಂಬ ಹುಡುಗನಿಗೆ ಕಂಠ ಕೊಡುವವಳು ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಹೆಂಗಸು. ತಾನಲ್ಲದುದನ್ನು ಆಡುವುದೇ ನಟನೆಯಾದರೆ, ಯಾರ ಕಂಠವನ್ನು ಯಾರು ತೊಡಬಹುದೆಂದು ಗೆರೆ ಎಳೆಯುವವರು ಯಾರು? ನಾವೂ ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿದ್ದೇವೆ. ನಮಗೆ ತೋರುವುದೇನೆಂದರೆ, ಪರದೆಯ ಮೇಲೆ ಸಾವಿರ ಹುಡುಗರಿದ್ದಾರೆ, ಬಾರ್ಟ್ ಅವರಲ್ಲೊಬ್ಬನು. 1990ರಲ್ಲಿ ಆಪು ಹೆಚ್ಚುಕಡಮೆ ಒಬ್ಬಂಟಿ. ಇಡೀ ಉಪಖಂಡಕ್ಕೆ ಒಂದೇ ಕಂಠವಿದ್ದು, ಅದೂ ಎರವಲಿನದಾದಾಗ, ನಟನೆಯು ಪ್ರಾತಿನಿಧ್ಯದ ಭಾರವನ್ನು ಬೇಡವೆಂದರೂ ಹೊರಬೇಕಾಗುತ್ತದೆ. ಕಂಠಗಳು ಹೆಚ್ಚಿದಂತೆ ಈ ಭಾರ ಹಂಚಿಹೋಗುತ್ತದೆ.

ಹಾಗೆ ಹಂಚಿಹೋಗತೊಡಗಿದ ಕಾಲವನ್ನು ಗುರುತಿಸಬೇಕೆಂದರೆ 2006ನ್ನು ನೋಡಬೇಕು. ನಮ್ಮ ನಾಡಿನ ರಾಜಧಾನಿ ಈ ಕಥೆಯೊಳಗೆ ಬರುವುದೂ ಅದೇ ವರ್ಷ. ಅಮೆರಿಕದ ಕಚೇರಿಗಳ ಕೆಲಸ ಬೆಂಗಳೂರಿಗೆ ಹೊರಟು, ಕೆಲಸ ಕಳೆದುಕೊಂಡವರನ್ನು ‘ಬ್ಯಾಂಗಲೋರ್ಡ್’ ಆದವರೆಂದು ಅಲ್ಲಿನವರು ಕರೆಯುತ್ತಿದ್ದ ದಿನಗಳವು. 2006ರ ಏಪ್ರಿಲ್ 9ರಂದು ಪ್ರಸಾರವಾದ ‘ಕಿಸ್ ಕಿಸ್, ಬ್ಯಾಂಗ್ ಬ್ಯಾಂಗಲೋರ್’ ಎಂಬ ಸಿಂಪ್ಸನ್ಸ್ ಕಂತಿನಲ್ಲಿ ಅಣುವಿದ್ಯುತ್ ಸ್ಥಾವರವೇ ಬೆಂಗಳೂರಿಗೆ ಸ್ಥಳಾಂತರವಾಗುತ್ತದೆ. ಕೆಲಸಗಾರರಿಗೆ ತರಬೇತಿ ಕೊಡಲು ಬಂದ ಹೋಮರ್ ಸಿಂಪ್ಸನ್ ಅಧಿಕಾರ ಸಿಕ್ಕೊಡನೆ ತಾನೇ ದೇವರೆಂದು ಮೆರೆಯುತ್ತಾನೆ. ಆದರೆ ವಿರಾಮ, ನಿವೃತ್ತಿ, ಪರಿಹಾರ ಮುಂತಾದ ಅಮೆರಿಕದ ಕಾರ್ಮಿಕರ ಸವಲತ್ತುಗಳನ್ನು ಇಲ್ಲಿನವರಿಗೆ ಕಲಿಸಿಬಿಡುತ್ತಾನೆ. ಅದರಲ್ಲಿ ಕಾಣುವ ಊರನ್ನು ಬೆಂಗಳೂರಿನವರು ಗುರುತಿಸುವುದು ಕಷ್ಟ. ಏಟು ಮಾತ್ರ ಅಮೆರಿಕದ ಮಾಲೀಕರಿಗೇ ಬಿದ್ದಿದೆ. ಅದೇ ವರ್ಷದ ನವೆಂಬರ್ 2ರಂದು ‘ದಿ ಆಫೀಸ್’ ಎಂಬ ಪ್ರಹಸನದಲ್ಲಿ ದೀಪಾವಳಿಯ ಕಂತೊಂದು ಬಂದಿತು. ಬರೆದವಳು ಮಿಂಡಿ ಕೇಲಿಂಗ್, ವಲಸೆ ಬಂದ ಭಾರತೀಯ ದಂಪತಿಗಳ ಮಗಳು. ಕೆಲ್ಲಿ ಕಪೂರ್ ಎಂಬ ಪಾತ್ರವನ್ನಾಡಿದವಳೂ ಅವಳೇ. ಡೆಸಿ ಆರ್ನಾಜ್‌ನ ಬಳಿಕ ಅರ್ಧ ಶತಮಾನ ಕಳೆದು ಮೈ, ಕಂಠ, ಲೇಖನಿ ಮೂರೂ ಒಬ್ಬಳಲ್ಲಿ ಕೂಡಿದುವು. ಕೆಲ್ಲಿಗೆ ಭಾರತೀಯ ಉಚ್ಚಾರವಿಲ್ಲ, ದೀಪಾವಳಿಯ ಅರ್ಥವೂ ಅವಳಿಗೆ ಚೆನ್ನಾಗಿ ಗೊತ್ತಿಲ್ಲ. ನಗೆ ಹುಟ್ಟುವುದೇ ಅಲ್ಲಿ.

ಅದೇ ವರ್ಷಗಳಲ್ಲಿ ಬೆಂಗಳೂರಿನ ದೂರವಾಣಿ ಸೇವಾಕೇಂದ್ರಗಳಲ್ಲಿ ಸಾವಿರಾರು ತರುಣ ತರುಣಿಯರು ರಾತ್ರಿಯ ಪಾಳಿಗೆ ಕೂತು, ಸಮುದ್ರದಾಚೆಯ ಗಿರಾಕಿಗಳ ದೂರುಗಳನ್ನು ಕೇಳುತ್ತಿದ್ದರು. ಅವರಿಗೆ ಅಮೆರಿಕದ ಉಚ್ಚಾರದಲ್ಲಿ ತರಬೇತಿ ಕೊಡುತ್ತಿದ್ದರು; ಅನೇಕರಿಗೆ ಕೆಲಸದ ಹೊತ್ತಿಗೆ ಅಮೆರಿಕದ ಹೆಸರೊಂದನ್ನು ಇಡುತ್ತಿದ್ದರು. ನಮ್ಮ ಪುರಾಣಗಳ ಅಶರೀರವಾಣಿಗೆ ಊರಿಲ್ಲ, ಬಣ್ಣವಿಲ್ಲ, ಇವರಿಗೂ ಹಾಗಾಯಿತು. ಇತ್ತ ಬೆಂಗಳೂರಿನ ಹುಡುಗನೊಬ್ಬ ತನ್ನ ಉಚ್ಚಾರವನ್ನು ಅಡಗಿಸುವ ಅಭ್ಯಾಸ ಮಾಡುತ್ತಿದ್ದ ರಾತ್ರಿಗಳಲ್ಲಿಯೇ, ಅತ್ತ ಹಾಲಿವುಡ್ಡಿನಲ್ಲಿ ಅದೇ ಉಚ್ಚಾರವನ್ನು ತೊಟ್ಟುಕೊಂಡ ನಟ ಆಪುವಿನ ಮಾತನ್ನಾಡುತ್ತಿದ್ದನು. ಎರಡೂ ಕಂಠದ ಕೆಲಸವೇ. ಮೊದಲನೆಯವನಿಗೆ ಗುರುತು ಸಿಕ್ಕಿಬಿದ್ದರೆ ದೂರವಾಣಿಯ ಆ ಕಡೆಯಿಂದ ಬೈಗುಳ ಬರುತ್ತಿತ್ತು. ಕೆಲವು ಸಲ ಆ ಬೈಗುಳವೂ ಆಪುವಿನ ಧಾಟಿಯಲ್ಲಿಯೇ ಇರುತ್ತಿತ್ತೆಂದು, ಆ ಪಾಳಿಗಳಲ್ಲಿ ದುಡಿದು ಬಳಿಕ ನಮ್ಮ ಸ್ನಾತಕೋತ್ತರ ತರಗತಿಗೆ ಬಂದ ವಿದ್ಯಾರ್ಥಿಯೊಬ್ಬರು ನಮಗೆ ಹೇಳಿದ್ದುಂಟು. ಅವರು ಸಿಂಪ್ಸನ್ಸ್ ಮಾಲಿಕೆಯನ್ನು ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಯಾರನ್ನು ಅಣಕಿಸುತ್ತಿದ್ದಾರೆಂದು ತಿಳಿಯಲು ಆಮೇಲೆ ತರಿಸಿ ನೋಡಿದರಂತೆ.